ಮುಷ್ಟಿಕಾಳಿಗೊಂದು ಅಳತೆ

ಹೆಡ್ಮಾಸ್ತರನಾಗುವುದೆಂದರೆ ಕಲಿಸುವುದನ್ನು ಬಿಡುವುದು. ಇದನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ. ಹೇಳಿದ್ದರೂ ಆಗಿನ ಹುಮ್ಮಸ್ಸಿನಲ್ಲಿ ನಾನು ಕೇಳುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ, ಸವಣೂರಿನ ಆಚೆ ಊರವರೇ ಕೂಡಿ ನಡೆಸುತ್ತಿದ್ದ ಹೈಸ್ಕೂಲೊಂದು ನನ್ನ ಕೊರಳಿಗೆ ಬಿತ್ತು. ಅಂದಿನಿಂದ ಸೀಮೆಎಣ್ಣೆ, ಕಾಗದ, ಸೋರುವ ಹಂಚು ಇವೇ ನನ್ನ ವಿಷಯಗಳಾದವು. ಪಡಸಾಲೆಯಲ್ಲಿ ಹಾಯುವಾಗ ಕುಲಕರ್ಣಿ ಮಾಸ್ತರರು ಮೆಟ್ರಿಕ್ ವರ್ಗಕ್ಕೆ ಗಣಿತ ಹೇಳುವುದು ಕೇಳಿಸುತ್ತಿತ್ತು. ನಾನು ಕಿಟಕಿಯ ಬಳಿ ನಿಂತು, ಹಂಚು ಪರೀಕ್ಷಿಸುವವನಂತೆ ಮುಖ ಮೇಲೆತ್ತಿ, ಕಿವಿಯನ್ನು ಮಾತ್ರ ಒಳಗೆ ಕಳಿಸುತ್ತಿದ್ದೆ.

ಶಾಲೆ ನಡೆಯುತ್ತಿದ್ದದ್ದು ಮುಷ್ಟಿಕಾಳಿನಿಂದ. ಸುತ್ತಲಿನ ಊರುಗಳ ಹೆಂಗಸರು ಅಡಿಗೆಗೆ ಕಾಳು ತೆಗೆಯುವಾಗ ಶಾಲೆಗೆಂದು ಒಂದು ಮುಷ್ಟಿಯನ್ನು ಬೇರೆ ಗಡಿಗೆಗೆ ಹಾಕುವರು; ವಾರಕ್ಕೊಮ್ಮೆ ನಮ್ಮ ಚಕ್ಕಡಿ ಹೋಗಿ ಅದನ್ನು ತರುವುದು. ಬೆಲೆಗಳು ಏರಿ ಪಗಾರ ಕೊಡುವುದು ಆಗದಾದಾಗ ಈ ಕಾಳನ್ನೇ ಮಾಸ್ತರರಿಗೆ ಹಂಚಿದೆವು. ಜೋಳ, ನವಣೆ, ತೊಗರಿ ಎಲ್ಲ ಒಂದರಲ್ಲೊಂದು ಸೇರಿರುತ್ತಿದ್ದವು. ಸಂಜೆ ಕುಲಕರ್ಣಿಯವರ ಕಟ್ಟೆಯ ಮೇಲೆ ನಾವಿಬ್ಬರೂ ಮೊರ ಹಿಡಿದು ಆರಿಸುತ್ತ ಕೂಡುತ್ತಿದ್ದೆವು. ಅಷ್ಟು ಒಳ್ಳೆಯ ಮಾತುಕತೆ ಮುಂದೆ ನನಗೆಲ್ಲಿಯೂ ಸಿಗಲಿಲ್ಲ. ಏನು ಮಾತಾಡಿದೆವೆಂದು ಕೇಳಿದರೆ ಮಾತ್ರ ಒಂದೂ ನೆನಪಿಲ್ಲ.

ಒಂದು ಸಂಜೆ ಅವರು ಮೊರ ಕೆಳಗಿಟ್ಟರು.

"ಪುಣೇದೊಳಗ ಮಿಲಿಟರಿ ಆಫೀಸಿನ್ಯಾಗ ಕೆಲಸಾ ಸಿಕ್ಕದರಿ."

"ಹೊಂಟ್ರೇನು?"

"ಮನಸಿಲ್ರಿ. ಆದ್ರ ಮಕ್ಕಳ ತಾಟಿನ್ಯಾಗ ಗಣಿತ ಬಡಸಾಕ ಬರೂದಿಲ್ಲಲ್ಲ. ಕಾಳು ಸರಿಯಾಗಿ ಬಂದರ ಇಲ್ಲೇ ಇರ್ತೇನಿ."

ಅವರು ಹೋದರೆ ಮೆಟ್ರಿಕ್ ವರ್ಗಕ್ಕೆ ಗಣಿತವಿಲ್ಲ, ನನಗೆ ಸಂಜೆಗಳಿಲ್ಲ. ರಾತ್ರಿಯೆಲ್ಲ ಯೋಚಿಸಿದೆ. ಮುಷ್ಟಿ ಎಂಬುದೇ ದೊಡ್ಡ ಅವ್ಯವಸ್ಥೆ ಎನ್ನಿಸಿತು. ಒಬ್ಬಳದು ದೊಡ್ಡ ಕೈ, ಇನ್ನೊಬ್ಬಳದು ಸಣ್ಣದು. ಇದಕ್ಕೊಂದು ಅಳತೆ ಬೇಡವೇ? ಹಳೆಯ ಸೀಮೆಎಣ್ಣೆ ಡಬ್ಬಗಳನ್ನು ಕೊಯ್ಯಿಸಿ, ಒಂದೇ ಗಾತ್ರದ ತಗಡಿನ ಡಬ್ಬಿ ಮಾಡಿಸಿ, ಮೇಲೆ ಶಾಲೆಯ ಶಿಕ್ಕಾ ಹೊಡೆಸಿ ಮನೆಮನೆಗೆ ಹಂಚಿದೆ. ಮುಂದಿನ ವಾರ ಚಕ್ಕಡಿ ಖಾಲಿ ಬಂತು.

ಕಾಳು ಕೊಡುವ ಊರುಗಳಲ್ಲೊಂದಾದ ಹತ್ತಿಮತ್ತೂರಿಗೆ ನಾನೇ ಹೋದೆ. ಶಾಲೆ ಶುರುವಾದಂದಿನಿಂದ ಮುಷ್ಟಿ ತಪ್ಪಿಸದ ಮುದುಕಿ ಗೌರವ್ವ ಬಾಗಿಲಲ್ಲೇ ಕೂತಿದ್ದಳು.

"ಬರ್ರಿ ಸಾಹೇಬ್ರ, ಕುಂದರ್ರಿ. ಲೇವಿಗೆ ಬಂದ್ರೇನು?"

"ಅಲ್ಲಬೇ ಯವ್ವಾ, ಸಾಲಿ ಕಾಳಿಗೆ ಬಂದೇನಿ."

"ಸಾಲಿಗೆ ನಾ ಮುಷ್ಟಿ ಹಾಕ್ತಿದ್ದೆ. ಅಳದು ಒಯ್ಯೋರು ಸರಕಾರದವ್ರು. ಮೊನ್ನೆ ಬಂದು ನೆಲದಾಗ ಹೂತಿಟ್ಟ ಹಗೇದಾಗಿನ ಜ್ವಾಳ ಅಳದು ಒಯ್ದರು. ಅವರ ಅಳತಿಗೂ ಶಿಕ್ಕಾ ಇತ್ತು, ನಿಮ್ಮದಕ್ಕೂ ಐತಿ."

"ಎಲ್ಲಾರ್ದೂ ಒಂದ ಅಳತಿ ಆಗ್ಲಿ ಅಂತ..."

"ಯಾಕ್ರಿ, ನನ್ನ ಕೈ ಕಳವು ಮಾಡ್ತಿತ್ತೇನು?"

ಪಕ್ಕದ ಮನೆಯ ಸೊಸೆ ಸೆರಗು ಬಾಯಿಗಿಟ್ಟು ನಕ್ಕಳು. "ಹೋಗ್ಲಿ ಬಿಡಬೇ ಅತ್ತಿ, ಡಬ್ಬಿ ಚಲೋ ಐತಿ. ನಾವು ಉಪ್ಪು ಹಾಕಿಟ್ಟೇವಿ."

ಬರೆಯುವಾಗ ಗೌರವ್ವ ಭಾರಿ ಚುರುಕಾಗಿ ಕಾಣುತ್ತಾಳೆ. ಅಷ್ಟೆಲ್ಲ ಅವಳು ಆಡಿರಲಿಕ್ಕಿಲ್ಲ. ಪ್ರತಿ ಸಲ ಹೇಳುವಾಗಲೂ ನಾನೇ ಒಂದೊಂದು ಮಾತು ಅವಳ ಬಾಯಿಗೆ ಹಾಕಿರಬಹುದು. ಡಬ್ಬಿಯಲ್ಲಿ ಉಪ್ಪಿದ್ದದ್ದು ಮಾತ್ರ ಖರೆ. ಸರಕಾರ ಲೇವಿಯೆಂದು ಅಳೆದು ಕಸಿದುಕೊಳ್ಳುತ್ತಿದ್ದ ದಿನಗಳಲ್ಲಿ, ಕೈಯಾರೆ ಹಾಕಿದ್ದೊಂದೇ ಆ ಹೆಂಗಸರಿಗೆ ತಾವು ಕೊಟ್ಟದ್ದೆನಿಸುತ್ತಿತ್ತು. ಅದನ್ನೂ ನಾನು ಅಳೆಯಹೋಗಿದ್ದೆ. ಹೆಚ್ಚು ವಾದಿಸದೆ ಹೆಗಲ ಮೇಲಿನ ಶಲ್ಯ ಒಡ್ಡಿದೆ. ಗೌರವ್ವ ಒಳಗೆ ಹೋಗಿ ಒಂದು ಮುಷ್ಟಿ ತಂದು ಸುರಿದಳು.

"ಮುದುಕಿ ಕೈರಿ, ಸಣ್ಣದು. ಸಿಟ್ಟಾಗಬ್ಯಾಡ್ರಿ."

ಗಡಿಗೆಗಳು ಮತ್ತೆ ತುಂಬಿದವು. ಅಷ್ಟರಲ್ಲಿ ಕುಲಕರ್ಣಿಯವರು ಮನೆಮಂದಿಯೊಡನೆ ಯಲವಿಗಿಯಲ್ಲಿ ರೈಲು ಹತ್ತಿಯಾಗಿತ್ತು.

ಗಣಿತ ಹೇಳುವವರು ಬೇರೆ ಯಾರೂ ಸಿಗಲಿಲ್ಲ. ವರ್ಗ ಮುಚ್ಚಲು ಮನಸ್ಸಾಗದೆ ನಾನೇ ಖಡು ಹಿಡಿದು ಹಲಗೆಯ ಮುಂದೆ ನಿಂತೆ. ಎಷ್ಟು ಹಂಬಲಿಸಿದ ಜಾಗ! ಬರೆದೆ, ಅಳಿಸಿದೆ, ಮತ್ತೆ ಬರೆದೆ. ಹುಡುಗರೂ ಮರ್ಯಾದೆಯಿಂದ ಬರೆದರು, ಅಳಿಸಿದರು, ಮತ್ತೆ ಬರೆದರು. ಕೊನೆಗೆ ಒಬ್ಬ ಎದ್ದು ಕೇಳಿದ: "ಸರ್, ಕುಲಕರ್ಣಿ ಮಾಸ್ತರು ತಿರುಗಿ ಯಾವಾಗ ಬರ್ತಾರ್ರಿ?"

ಗದರಿಸಬೇಕೆಂದು ತಿರುಗಿದೆ. "ಬರ್ತಾರ, ತಡಿಯಪ್ಪಾ" ಎಂದುಬಿಟ್ಟೆ. ಹುಡುಗರೆಲ್ಲ ಬಾಗಿಲ ಕಡೆ ನೋಡಿದರು. ಅವರಿಗಿಂತ ಮೊದಲೇ ನಾನು ನೋಡಿದ್ದೆ.