ಚಂಬಣ್ಣನ ಕಾರು, ನೀಲವ್ವನ ಹೊಲಿಗೆ ಯಂತ್ರ

"ಇನ್ನ ಮುಂದ ಈ ಗಾಡಿ ಕೆಡಂಗಿಲ್ಲ!" ಎಂದು ಪಕ್ಕದ ಮನೆಯ ಚಂಬಣ್ಣ ಘೋಷಿಸಿದಾಗ ಕಾರು ಕೆಟ್ಟು ನಿಂತಿತ್ತು.

ಅದು ಎರಡೇ ಸೀಟಿನ, ಕೆಂಪು ಬಣ್ಣದ ವಿದೇಶಿ ಸ್ಪೋರ್ಟ್ಸ್ ಕಾರು. ಶಕ್ತಿ ಐನೂರು ಕುದುರೆಗಳದ್ದು. ಚಂಬಣ್ಣ ನಾಲ್ಕನೆಯ ಮಾಲೀಕ. ಹುಬ್ಬಳ್ಳಿಯ ನಮ್ಮ ಓಣಿಗೆ ಅದು ಬಂದದ್ದೇ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು. ಅವನ ಹೆಂಡತಿ ನೀಲವ್ವ ಹೊಲಿಗೆ ಕೆಲಸದವರು. ಅವರು ಗಡುವು ಕೊಟ್ಟಿದ್ದರು: ಆಯುಧ ಪೂಜೆಯ ದಿನ ಧಾರವಾಡಕ್ಕೆ ಹೋಗಿ ತಾನೇ ಮರಳಿ ಬಂದರೆ ಕಾರು ಉಳಿಯುತ್ತದೆ, ಇಲ್ಲವಾದರೆ ಗುಜರಿಗೆ.

ಪೂಜೆಯ ದಿನ ಬೆಳಿಗ್ಗೆ ಚಂಬಣ್ಣ ಕುಕ್ಕರಿನಷ್ಟು ದೊಡ್ಡ ಡಬ್ಬಿಯೊಂದನ್ನು ತೋರಿಸಿದ. ಮೇಲೊಂದು ತಿರುಗುವ ಗುಂಡಿ ಇತ್ತು.

"ದೋಷ ವರ್ಗಾವಣೆ ಯಂತ್ರ, ತಮ್ಮಾ! ಗಾಡಿಯ ದೋಷ ಎಲ್ಲಾ ಹೊರಗ ಹೊಕ್ಕಾವು!"

"ಹೊರಗ ಅಂದ್ರ ಎಲ್ಲಿಗೆ?"

"ಬಾಜೂಕ ಇರೋ ಯಂತ್ರಕ್ಕ. ಅದಕ್ಕ ಈ ಸತ್ತ ನೀರಿನ ಪಂಪ್ ಇಟ್ಟೀನಿ. ಸತ್ತಿದ್ದು ಮತ್ತೇನ್ ಸಾಯ್ತೈತಿ?"

ಅವನು ಸ್ನಾನಕ್ಕೆ ಹೋದ, ನಾನು ನಮ್ಮ ಮನೆಗೆ ಹೋದೆ. ನೀಲವ್ವ ಪೂಜೆಗೆಂದು ಅಂಗಳ ಸಾರಿಸಿದರು. ಕೆಟ್ಟ ಯಂತ್ರಕ್ಕೆ ಪೂಜೆ ಸಲ್ಲದೆಂದು ಪಂಪನ್ನು ಹಿತ್ತಲಿಗೆ ಸಾಗಿಸಿ, ಆ ಜಾಗದಲ್ಲಿ ತಮ್ಮ ಹೊಲಿಗೆ ಯಂತ್ರ ಇಟ್ಟು ವಿಭೂತಿ ಹಚ್ಚಿದರು; ಅದು ಮುಚ್ಚಿಹೋಗುವಷ್ಟು ಚೆಂಡುಹೂವು ಏರಿಸಿದರು. ಹೂವಿನ ರಾಶಿಯ ಒಳಗೆ ಏನಿದೆಯೆಂದು ಚಂಬಣ್ಣ ನೋಡಲಿಲ್ಲ, ಆಮೇಲೆ ಬಂದ ನಾನೂ ನೋಡಲಿಲ್ಲ. ಮಂಗಳಾರತಿ ಮುಗಿಯಿತು. ಅವನು ಗುಂಡಿಯನ್ನು ಬಲಕ್ಕೆ ತಿರುಗಿಸಿದ. ನಿಂಬೆಹಣ್ಣುಗಳನ್ನು ಚಪ್ಪಟೆ ಮಾಡಿ ಕಾರು ಹೊರಟಿತು.

ಸಾಕ್ಷಿಯಾಗಿ ನಾನು ಪಕ್ಕದಲ್ಲಿ ಕುಳಿತಿದ್ದೆ. ಏನೂ ಕೆಡಲಿಲ್ಲ, ಎಸಿ ಕೂಡ ತಣ್ಣಗಿತ್ತು! ಧಾರವಾಡದಲ್ಲಿ ಪೇಡೆ ತಿಂದು, ದಾರಿಯಲ್ಲಿ ಯಾರ ಕೈಯಲ್ಲೂ ತಳ್ಳಿಸಿಕೊಳ್ಳದೆ ಮರಳಿದೆವು.

ಗೇಟಿನಲ್ಲಿ ನೀಲವ್ವ ನಿಂತಿದ್ದರು.

"ಏನ್ರೀ! ನನ್ನ ಮಷಿನ್ ಹೊಗಿ ಬಿಡಾಕತ್ತೈತಿ!"

ಹೌದು, ಹೊಲಿಗೆ ಯಂತ್ರ ಕಪ್ಪು ಹೊಗೆ ಉಗುಳುತ್ತಿತ್ತು. ಕೆಳಗೆ ಎಣ್ಣೆಯ ಮಡು ನಿಂತಿತ್ತು. ಸೂಜಿ ಹಿಂದಕ್ಕೆ ಮಾತ್ರ ಹೊಲಿಯುತ್ತಿತ್ತು. ಯಾರೂ ಮುಟ್ಟದಿದ್ದರೂ ಕಳ್ಳ ಬಂದಂತೆ ಸೈರನ್ ಕೂಗುತ್ತಿತ್ತು!

"ಹಿಂದಕ ಹೊಂಟೈತಂದ್ರ ಗೇರ್‌ಬಾಕ್ಸ್ ದೋಷ," ಎಂದು ಚಂಬಣ್ಣ ಹಿಗ್ಗಿದ. "ನೋಡು ತಮ್ಮಾ, ಒಂದೂ ಬಿಟ್ಟಿಲ್ಲ, ಎಷ್ಟು ಚಲೋ ವರ್ಗಾವಣೆ ಆಗೈತಿ!"

"ನಾಳೆ ಮದುವಿ ಹುಡುಗಿ ಬ್ಲೌಸ್ ಕೊಡಬೇಕು! ನಿಮ್ಮ ದೋಷ ವಾಪಸ್ ತಗೋರಿ!"

"ತಗೊಂಡ್ರ ಗಾಡಿ ಕೆಡ್ತೈತಲ್ಲ?"

"ತಗೊಳ್ಳದಿದ್ರ ಗಾಡಿ ಗುಜರಿಗೆ ಹೊಕ್ಕೈತಿ. ಜೋಡಿಗೆ ನೀವೂ!"

ಚಂಬಣ್ಣ ಬೆವರುತ್ತ ಗುಂಡಿಯನ್ನು ಎಡಕ್ಕೆ ತಿರುಗಿಸಿದ. ಗಾಬರಿಯಲ್ಲಿ ಬೇಕಾದದ್ದಕ್ಕಿಂತ ಹೆಚ್ಚೇ ತಿರುಗಿಸಿದ. ದೋಷಗಳು ಕಾರಿಗೆ ಮರಳಿದವು. ಬದಲಿಗೆ ಕಾರಿನ ಶಕ್ತಿ ಹೊಲಿಗೆ ಯಂತ್ರಕ್ಕೆ ಹೋಯಿತು.

ಯಂತ್ರ ಗುಡುಗಿತು. ನೀಲವ್ವ ಬಟ್ಟೆ ಇಟ್ಟು ಕೈ ತೆಗೆಯುವಷ್ಟರಲ್ಲಿ ಬ್ಲೌಸ್ ಮುಗಿದಿತ್ತು. ಮರುಕ್ಷಣ ಪಕ್ಕದ ಕಿಟಕಿಯಿಂದ ಹೊರಗೆ ಹಾರಾಡುತ್ತಿದ್ದ ಪರದೆಗೆ ಅಂಚು ಬಿತ್ತು. ಆಮೇಲೆ ಆ ಪರದೆಗೆ ಚಂಬಣ್ಣನ ಲುಂಗಿ ಸೇರಿತು!

"ಬಿಡಸ್ರೋ!" ಎಂದು ಅವನು ಕೂಗಿದ. ಕತ್ತರಿಸಿ ಬಿಡಿಸಿದೆವು. ಅವನು ಓಡಿಹೋಗಿ ಕಾರಿನಲ್ಲಿ ಕುಳಿತು ಪೆಡಲ್ ಒತ್ತಿದ. ಕಾರು 'ಟಕ್' ಎಂದು ಒಂದು ಹೊಲಿಗೆಯಷ್ಟು ಮುಂದೆ ಸರಿಯಿತು. ಮತ್ತೆ ಒತ್ತಿದರೆ ಮತ್ತೊಂದು 'ಟಕ್'.

"ಮತ್ತ ಬಲಕ್ಕ ತಿರುಗಸಲೇನು?" ಎಂದು ಕೇಳಿದ.

ನೀಲವ್ವ ಬ್ಲೌಸನ್ನು ಬೆಳಕಿಗೆ ಹಿಡಿದು ಹೊಲಿಗೆ ನೋಡುತ್ತಿದ್ದರು. "ಆ ಡಬ್ಬಿಗೆ ಕೈ ಹಚ್ಚಿ ನೋಡ್ರಿ!"

"ಹಂಗಾರ ಗಾಡಿ ಗುಜರಿಗೇನ, ವೈನಿ?" ಎಂದೆ ನಾನು.

"ಛೇ, ಇರ್ಲಿ ಬಿಡ್ರಿ ಅಣ್ಣಾರ. ಅದು ಹೋದ್ರ ನನ್ನ ಮಷಿನ್ ಯಾರ ಜೋರಿನ ಮ್ಯಾಲೆ ಓಡಬೇಕು?"

ಹೀಗೆ ಕಾರು ಚಂಬಣ್ಣನಲ್ಲೇ ಉಳಿಯಿತು. ಪೆಟ್ರೋಲ್ ಹಾಕುವುದು ಕಾರಿಗೆ, ಓಡುವುದು ಹೊಲಿಗೆ ಯಂತ್ರ. ಎಷ್ಟು ಕೊಡುತ್ತದೆ ಎಂದು ಯಾರಾದರೂ ಕೇಳಿದರೆ ಚಂಬಣ್ಣ ಸುಳ್ಳು ಹೇಳುವುದಿಲ್ಲ: ಲೀಟರಿಗೆ ಆರು ಬ್ಲೌಸ್, ತೋಳು ಉದ್ದವಿದ್ದರೆ ಐದು.