ಗಂಗೆಯಲ್ಲಿ ಬಿಟ್ಟ ಹಾಗಲಕಾಯಿ

ಕಾಶಿಗೆ ಹೋದವರು ತಮಗೆ ಬಲು ಇಷ್ಟವಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕು, ಆಮೇಲೆ ಅದನ್ನು ಮುಟ್ಟಬಾರದು. ಈ ಕಟ್ಟಳೆ ಮರುಳಪ್ಪನಿಗೆ ಗೊತ್ತಾದದ್ದು ಕೊಟ್ಟೂರಿನ ಯಾತ್ರೆ ಬಸ್ಸು ಕಾಶಿ ಮುಟ್ಟಿದ ಮೇಲೆ. ಮೊದಲೇ ಗೊತ್ತಿದ್ದರೆ ಅವನು ಬೀಜ-ಗೊಬ್ಬರದ ಅಂಗಡಿ ಬಿಟ್ಟು ಊರ ಹತ್ತಿರದ ಹಂಪಸಾಗರವನ್ನೂ ದಾಟುತ್ತಿರಲಿಲ್ಲ.

ಲೋಕದಲ್ಲಿ ಮರುಳಪ್ಪನಿಗೆ ಇಷ್ಟವಾದದ್ದು ಒಂದೇ: ಹೆಂಡತಿ ಕೊಟ್ರಬಸಮ್ಮ ಕರಿದು ಕೊಡುವ ಮಿರ್ಚಿ ಬಜ್ಜಿ. ಸಂಜೆ ಮಂಡಕ್ಕಿಯ ಜೊತೆ ಆರು ಮಿರ್ಚಿ ಒಳಗಿಳಿಯದಿದ್ದರೆ ಅವನ ಮುಖ ಗಾಳಿ ಹೋದ ಟ್ಯೂಬಿನಂತಾಗುತ್ತಿತ್ತು.

ಬೆಳಗ್ಗೆ ಗಂಗೆಯ ಮೆಟ್ಟಿಲ ಮೇಲೆ ಪಕ್ಕದ ಮನೆಯ ಶಿವಬಸಮ್ಮ, ಏನು ಬಿಡುತ್ತೀರಿ ಎಂದು ಕೇಳಿದಳು. ಮರುಳಪ್ಪ ಗಂಭೀರವಾಗಿ, ಹಾಗಲಕಾಯಿ ಎಂದ.

"ಹುಟ್ಟಿದಾಗಿಂದ ಅದನ್ನ ಬಾಯಾಗ ಇಟ್ಟಿಲ್ಲ ಇವರು," ಎಂದಳು ಕೊಟ್ರಬಸಮ್ಮ.

ಅಷ್ಟೇ ಸಾಕಾಯಿತು. ಬಸ್ಸಿಗೆ ಬಸ್ಸೇ ಅವನ ಮೋಕ್ಷದ ಹೊಣೆ ಹೊತ್ತುಕೊಂಡು, ಮಿರ್ಚಿಯನ್ನೇ ಬಿಡಬೇಕೆಂದು ತೀರ್ಮಾನಿಸಿತು. ನಿವೃತ್ತ ಮೇಷ್ಟ್ರು ಹುಲುಗಣ್ಣ ಮಾತ್ರ, ಬಸ್ಸಿನಲ್ಲಿ ಮೂರು ದಿನದಿಂದ ಯಾರಿಗೂ ನಿದ್ದೆಯಿಲ್ಲ, ಇವನು ಗೊರಕೆಯನ್ನು ಬಿಟ್ಟರೆ ಎಲ್ಲರಿಗೂ ಪುಣ್ಯ ಎಂದರು.

ಮರುಳಪ್ಪ ಚಪ್ಪಲಿ ಹುಡುಕುವ ನೆಪದಲ್ಲಿ ಗಲ್ಲಿಗೆ ನುಗ್ಗಿದ. ಎದುರಿಗೆ ಬಂದ ಹೋರಿಗೆ ದಾರಿ ಬಿಡಲು ಹಿಂದೆ ಸರಿದವನು ಕಚೋರಿ ಅಂಗಡಿಯ ಬೆಂಚಿನ ಮೇಲೆ ಕುಳಿತುಬಿಟ್ಟ. ಕುಳಿತ ಮೇಲೆ ತಿನ್ನದೆ ಏಳುವುದು ಮರ್ಯಾದೆಯಲ್ಲ. ನಾಲ್ಕನೆಯ ಕಚೋರಿಯ ಹೊತ್ತಿಗೆ ಹುಲುಗಣ್ಣ ಮೇಷ್ಟ್ರು ಬಂದು, ಹಿಂಡು ತಪ್ಪಿದ ಟಗರನ್ನು ಎಳೆದು ತರುವಂತೆ, ಅವನನ್ನು ನಡುಮಟ್ಟ ನೀರಿನಲ್ಲಿ ತಂದು ನಿಲ್ಲಿಸಿದರು.

ಸಂಕಲ್ಪ ಮಾಡಿಸುವ ಪಂಡಿತನಿಗೆ ಕನ್ನಡವೆಲ್ಲಿ ತಿಳಿದೀತೆಂಬ ಧೈರ್ಯದಿಂದ ಮರುಳಪ್ಪ ಮೆಲ್ಲಗೆ, ಹಾಗಲಕಾಯಿ ಎಂದ. ಪಂಡಿತ ಕಣ್ಣು ತೆರೆದ.

"ನಡಿಯಂಗಿಲ್ಲ ಯಜಮಾನ್ರ. ನಿಮ್ಮ ಕಡಿಯವರೆಲ್ಲ ಅದನ್ನೇ ಬಿಡ್ತಾರ. ಗಂಗಾಮಾಯಿ ಬಾಯಿ ಕಹಿ ಆಗೇತಿ."

ನೀರಿನಲ್ಲಿ ನಡುಗುತ್ತಲೇ ಮರುಳಪ್ಪ ತಲೆ ಓಡಿಸಿದ. "ಇಲ್ಲೀತನ ತಿಂದಿಲ್ಲ, ಖರೆ. ಮುಂದ ತಿನ್ನಬೇಕು ಅಂತ ಬಾಳ ಆಸಿ ಇಟ್ಕಂಡಿದ್ದೆ. ಆ ಆಸೀನ ಬಿಡ್ತೀನಿ."

ಆಸೆಯನ್ನೇ ಬಿಡುತ್ತೇನೆಂದವನನ್ನು ಯಾವ ಶಾಸ್ತ್ರ ತಡೆದೀತು? ಪಂಡಿತ ತುಸು ಯೋಚಿಸಿ ಮಂತ್ರ ಶುರು ಮಾಡಿದ. ಮರುಳಪ್ಪ ಮೂರು ಮುಳುಗು ಹಾಕಿ, ಪಂಚಾಯಿತಿ ಚುನಾವಣೆ ಗೆದ್ದವನ ಹಾಗೆ ಮೆಟ್ಟಿಲು ಹತ್ತಿದ.

ಆಮೇಲೆ ಕೊಟ್ರಬಸಮ್ಮ ಇಳಿದಳು, ಕಣ್ಣು ಮುಚ್ಚಿ ಮುಳುಗಿದಳು, ತಲೆ ಒರೆಸಿಕೊಳ್ಳುತ್ತ ಬಂದಳು. ಗೆದ್ದ ಉದಾರತೆಯಲ್ಲಿ ಮರುಳಪ್ಪ, ನೀನೇನು ಬಿಟ್ಟೆ ಎಂದು ಕೇಳಿದ.

"ಇಷ್ಟ ಇದ್ದದ್ದನ್ನ ಬಿಡಬೇಕಂತಲ್ರಿ. ನನಗ ಅಡಿಗಿ ಮಾಡೋದಂದ್ರ ಪ್ರಾಣ. ಅದನ್ನ ಬಿಟ್ಟೆ."

ಮರುಳಪ್ಪ ಪಂಡಿತನ ಮುಖ ನೋಡಿದ. ಗಂಗೆಗೆ ಬಿಟ್ಟದ್ದು ವಾಪಸು ಬರುವುದಿಲ್ಲವೆಂದು ಪಂಡಿತ ಸ್ಪಷ್ಟ ಕನ್ನಡದಲ್ಲಿ ಹೇಳಿದ. ಮಿರ್ಚಿ ಉಳಿದಿತ್ತು, ಕರಿಯುವ ಕೈ ಗಂಗೆಯ ಪಾಲಾಗಿತ್ತು.

ಅವನು ನ್ಯಾಯ ಕೇಳಲು ಬಸ್ಸಿನ ಗಂಡಸರ ಕಡೆ ತಿರುಗಿದ. ಅವರೆಲ್ಲ ನೀರಿನ ಕಡೆ ನೋಡುತ್ತಿದ್ದರು. ಆಗಲೇ ಮಿಂದು ಒಣಸೀರೆ ಉಟ್ಟಿದ್ದ ಶಿವಬಸಮ್ಮ ಸೆರಗು ಸಿಕ್ಕಿಸಿಕೊಂಡು ಮತ್ತೆ ಇಳಿಯುತ್ತಿದ್ದಳು. ಅವಳ ಹಿಂದೆ ಬಸ್ಸಿನ ಹೆಂಗಸರೆಲ್ಲ ಸಾಲುಗಟ್ಟಿದ್ದರು. ಹುಲುಗಣ್ಣ ಮೇಷ್ಟ್ರ ಹೆಂಡತಿಯಂತೂ ಸಾಲು ಮುರಿದು ಮುಂದೆ ನುಗ್ಗಿದರು.

ಗಂಡಸರು ಒಬ್ಬೊಬ್ಬರಾಗಿ ಮರುಳಪ್ಪನ ಕಡೆ ತಿರುಗಿದರು. ಇನ್ನೊಂದು ಮುಳುಗು ಹಾಕುವುದೇ ಕ್ಷೇಮವೆಂದು ಅವನು ಮತ್ತೆ ನೀರಿಗಿಳಿದು ಮೂಗು ಹಿಡಿದುಕೊಂಡ.