ಕುರ್ಚಿ ಬಿಟ್ಟು ಏಳಬಾರದು

ಇದು ನಡೆದದ್ದು ಎರಡು ಸಾವಿರದ ಮೂರನೇ ಇಸವಿಯಲ್ಲಿ, ನವರಾತ್ರಿ ಮುಗಿದ ಮರುವಾರ. ಆಗ ನಾನು ಅಹಮದಾಬಾದಿನ ಒಂದು ಔಷಧ ಕಂಪನಿಯ ಪ್ರಯೋಗಾಲಯದಲ್ಲಿದ್ದೆ. ಮಣಿನಗರದಲ್ಲಿ ಬಾಡಿಗೆ ಕೋಣೆ, ಅದರ ಕೆಳಗಿನ ಉಡುಪಿ ಹೋಟೆಲಿನಲ್ಲಿ ಎರಡು ಹೊತ್ತಿನ ಊಟ. ದಿನಾ ಒಂದೇ ಕಡೆ ಉಣ್ಣುವವನಿಗೆ ಅನ್ನ ಸಾರಿನ ಜೊತೆ ಆ ಮನೆಯ ಜಗಳವನ್ನೂ ಬಡಿಸುತ್ತಾರೆ. ನನಗಂತೂ ಹೀಗೆ ಆಗುತ್ತಲೇ ಇರುತ್ತದೆ.

ಹೋಟೆಲಿನ ಯಜಮಾನರನ್ನು ನಾನು ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕ. ಈ ಸಂಬಂಧದ ತರ್ಕವನ್ನು ಗಿರಾಕಿಯಾದವನು ಕೆದಕಬಾರದು.

ಷರತ್ತು

ಡಿಸೆಂಬರಿನಲ್ಲಿ ಊರಿನಲ್ಲಿ ಅಕ್ಕನ ತಮ್ಮನ ಗೃಹಪ್ರವೇಶ. ಅಣ್ಣ ಆಗಲೇ ಹೊರಟು ನಿಂತಿದ್ದರು. ಬೇಡ ಎಂದವರು ಅಕ್ಕ.

"ನನ್ನ ತಂಗಿಯ ಮದುವೆಯಲ್ಲಿ ಇವರು ಇಡೀ ದಿನ ಅಡುಗೆ ಕೋಣೆಯಲ್ಲಿ. ಒಂದು ಫೋಟೋದಲ್ಲೂ ಇಲ್ಲ. ದೊಡ್ಡಮ್ಮ ನನ್ನ ಹತ್ರವೇ ಕೇಳಿದ್ರು, ಆ ಸಾಂಬಾರು ಬಡಿಸುವವ ಯಾರು, ಚುರುಕಿದ್ದಾನೆ ಅಂತ. ನಾನು ಒಬ್ಬಳೇ ಹೋಗ್ತೇನೆ."

"ನನಗೆ ನೆಂಟನ ಹಾಗೆ ಕೂರ್‍ಲಿಕ್ಕೆ ಬರುದಿಲ್ವಾ?" ಎಂದರು ಅಣ್ಣ.

"ಎರಡು ದಿನ ಕೂತು ತೋರಿಸಿ. ಆಮೇಲೆ ನೋಡುವ."

ನಾನು ಆ ವಾರ ವಡೋದರಾ ಆಚೆ, ನರ್ಮದೆಯ ದಂಡೆಯ ಅರಣ್ಯ ಶಿಬಿರದಲ್ಲಿ ಡೇರೆ ಹಾಕಲು ಹೊರಟಿದ್ದೆ. ಅವರಿಬ್ಬರೂ ಬರುವುದೆಂದಾಯಿತು. ಅಲ್ಲಿ ಅಣ್ಣ ಬೇಯಿಸಬಾರದು, ಬಡಿಸಬಾರದು, ಮೇಜು ಒರೆಸಬಾರದು. ಅಡುಗೆ ನಡೆಯುವಾಗ ಕುರ್ಚಿ ಬಿಟ್ಟು ಏಳಬಾರದು. ತಪ್ಪಿದರೆ ಗೃಹಪ್ರವೇಶಕ್ಕೆ ಅಕ್ಕ ಒಬ್ಬರೇ. ತೀರ್ಪುಗಾರ ನಾನು.

"ನೀನು ಸೈನ್ಸ್ ಓದಿದವ, ಸುಳ್ಳು ಹೇಳುದಿಲ್ಲ" ಎಂದರು ಅಕ್ಕ. ಆಮೇಲೆ ಆದದ್ದಕ್ಕೆಲ್ಲ ಈ ಮಾತೇ ಕಾರಣ.

ಗೇಟಿನಲ್ಲಿ

ಹೋಟೆಲಿಗೆ ತರಕಾರಿ ತರುವ ವ್ಯಾನಿನಲ್ಲಿ ಹೋದೆವು. ಮಧ್ಯಾಹ್ನದ ಬಿಸಿಲು. ಶಿಬಿರದ ಗೇಟಿನಲ್ಲಿ ಕಾವಲುಗಾರ ಹಿಂದಿನ ಬಾಗಿಲು ತೆಗೆದು, ಗೋಣಿಯಡಿಯಿಂದ ಒಂದು ಪ್ಲಾಸ್ಟಿಕ್ ಕ್ಯಾನ್ ಎಳೆದ. ಮುಚ್ಚಳ ಸಡಿಲಿಸಿದ್ದೇ ತಡ, ಕ್ಯಾನ್ ಬುಸ್ಸೆಂದಿತು. ನೊರೆ ಬಂತು. ಹುಳಿ ವಾಸನೆ ಬಂತು. ಪಾನನಿಷೇಧವಿರುವ ರಾಜ್ಯದಲ್ಲಿ ಬುಸ್ಸೆನ್ನುವ ಕ್ಯಾನಿಗೆ ಇರುವುದು ಒಂದೇ ಅರ್ಥ.

"ಆ ಶೂಂ ಛೇ?" ಎಂದ ಅವನು. ಇದೇನು?

"ಇದೇನು?" ಎಂದು ಅಕ್ಕನೂ ಕೇಳಿದರು, ಅವನಿಗಿಂತ ಗಟ್ಟಿಯಾಗಿ.

"ಇಡ್ಲಿ ಹಿಟ್ಟು ಮಾರಾಯ್ತಿ. ಬೆಳಿಗ್ಗೆದು ಉಳಿದಿತ್ತು. ಚೆಲ್ಲಲಿಕ್ಕೆ ಕೈ ಬರಲಿಲ್ಲ."

ಕಾವಲುಗಾರನಿಗೆ ನಂಬಿಕೆ ಬರಲಿಲ್ಲ. ಕನ್ನಡಕ ಹಾಕಿದ್ದ ನನ್ನ ಕಡೆ ತಿರುಗಿದ. ನಾನು ಹಿಂದಿಯಲ್ಲಿ ಕ್ರಮವಾಗಿ ವಿವರಿಸಿದೆ: ಇದು ಅಕ್ಕಿ ಮತ್ತು ಉದ್ದು, ಬಿಸಿಲಿಗೆ ಹುದುಗಿದೆ, ಹುದುಗುವಾಗ ಆಮ್ಲ ಬರುತ್ತದೆ, ಅನಿಲ ಬರುತ್ತದೆ, ಅತ್ಯಲ್ಪ ಪ್ರಮಾಣದಲ್ಲಿ ಆಲ್ಕೋಹಾಲ್ ಕೂಡ.

ಅವನಿಗೆ ಕೊನೆಯ ಪದ ಸಾಕಾಯಿತು. ಕ್ಯಾನನ್ನು ತನ್ನ ಕೋಣೆಗೆ ಒಯ್ದ. ಬೆಳಿಗ್ಗೆ ಅರಣ್ಯ ಇಲಾಖೆಯ ಸಾಹೇಬರು ಬಂದು ನೋಡುತ್ತಾರೆ, ಅಲ್ಲಿಯವರೆಗೆ ಯಾರೂ ಹೊರಗೆ ಹೋಗುವಂತಿಲ್ಲ ಎಂದ.

ಅಣ್ಣ ನನ್ನ ಕಡೆ ತಿರುಗಿದರು. "ನಿನಗೆ ಡಿಗ್ರಿ ಕೊಟ್ಟವರ ಅಡ್ರೆಸ್ ಉಂಟಾ ಮಾರಾಯ? ಒಂದು ಸಲ ಹೋಗಿ ಮಾತಾಡ್ಬೇಕಿತ್ತು."

ಎಣ್ಣೆ ಕಾದಿಲ್ಲ

ಪಕ್ಕದ ಡೇರೆಯಲ್ಲಿ ಸೂರತ್ತಿನ ಅಡಾಜಣ್ ಕಡೆಯ ಒಂದು ಕುಟುಂಬವಿತ್ತು. ಮನೆ ಬಿಟ್ಟು ಬಂದವರಂತೆ ಕಾಣಲಿಲ್ಲ, ಮನೆ ಹೊತ್ತು ತಂದಿದ್ದರು. ಒಲೆ, ಬಾಣಲೆ, ಸ್ಟೀಲಿನ ಡಬ್ಬಗಳು, ಧೋಕ್ಲಾ ಹಬೆಯಲ್ಲಿ ಬೇಯಿಸುವ ಅಗಲ ತಟ್ಟೆಗಳು ಸಹ. ಸಂಜೆ ಆ ಮನೆಯ ಹಿರಿಯ ಹೆಂಗಸು, ಎಲ್ಲರೂ ಕಾಕಿ ಎನ್ನುತ್ತಿದ್ದವರು, ಭಜಿಯಾ ಕರಿಯಲು ಕೂತರು.

ಅಣ್ಣ ಕುರ್ಚಿಯಲ್ಲಿದ್ದರು. ಕುರ್ಚಿಯ ಕೈಗಳನ್ನು ಬಸ್ಸಿನ ಕಂಬಿಯಂತೆ ಹಿಡಿದಿದ್ದರು.

"ಎಣ್ಣೆ ಕಾದಿಲ್ಲ" ಎಂದರು ನನ್ನ ಕಿವಿಯಲ್ಲಿ. ಸ್ವಲ್ಪ ತಡೆದು, "ಬಾಯಲ್ಲಿ ಹೇಳಿದ್ರೆ ತಪ್ಪಾಗ್ತದಾ?"

ನಾನು ಷರತ್ತುಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಬೇಯಿಸುವುದು, ಬಡಿಸುವುದು, ಒರೆಸುವುದು, ಏಳುವುದು. ಹೇಳುವುದು ಅದರಲ್ಲಿರಲಿಲ್ಲ. ತಪ್ಪಿಲ್ಲ ಎಂದೆ.

ಆಮೇಲೆ ಅವರು ಹೇಳುತ್ತಲೇ ಹೋದರು. ಉರಿ ತಗ್ಗಿಸಿ. ತಿರುಗಿಸಿ. ಈಗ ತೆಗೆಯಿರಿ. ಕಾಕಿ ಇಂಥ ಭಜಿಯಾ ತಾನು ಜನ್ಮದಲ್ಲಿ ಕರಿದಿಲ್ಲ ಎಂದರು. ಅಕ್ಕ ನನ್ನ ಮುಖ ನೋಡಿದರು. "ಕುರ್ಚಿ ಬಿಟ್ಟಿಲ್ಲ" ಎಂದೆ.

ಹೊತ್ತು ಮುಳುಗುವಾಗ ನದಿ ತಾಮ್ರದ ಬಣ್ಣಕ್ಕೆ ತಿರುಗಿತು. ಗಂಡ ಹೆಂಡತಿ ದಂಡೆಯಲ್ಲಿ ಅಕ್ಕಪಕ್ಕ ಕೂತಿದ್ದರು. ಅಣ್ಣ ನೀರನ್ನೇ ನೋಡುತ್ತಿದ್ದರು. ಅಕ್ಕನ ದನಿ ಮೆತ್ತಗಾಯಿತು.

"ಎಂಥ ಯೋಚನೆ ಮಾಡ್ತಿದ್ದೀರಿ?"

"ಇಲ್ಲಿ ಆರಾಮಾಗಿ ನಾಲ್ಕು ಟೇಬಲ್ ಹಾಕ್ಬಹುದು."

ಪುರಾವೆ

ಬೆಳಿಗ್ಗೆ ಸಾಹೇಬರು ಬರುವ ಹೊತ್ತಿಗೆ ಕ್ಯಾನ್ ಉಬ್ಬಿ ಚೆಂಡಾಗಿತ್ತು. ಕಾವಲುಗಾರ ಅದನ್ನು ಅವರ ಎದುರಿಗಿಟ್ಟು ಮುಚ್ಚಳ ತಿರುಗಿಸಿದ. ಮುಚ್ಚಳ ಸೂರಿಗೆ ಹೋಯಿತು. ಹಿಟ್ಟು ಅವನ ಮೀಸೆಗೆ ಹೋಯಿತು.

ಸಾಹೇಬರು ಅವನ ಮೀಸೆಯ ಕಡೆ ನೋಡಿದರು. "ಇಡ್ಲಿ ಹಿಟ್ಟಾದರೆ ಇಡ್ಲಿ ಮಾಡಿ ತೋರಿಸಿ. ಇಲ್ಲವಾದರೆ ಪೊಲೀಸರನ್ನು ಕರೆಸುತ್ತೇನೆ."

ಎಲ್ಲರೂ ಅಣ್ಣನ ಕಡೆ ತಿರುಗಿದರು. ಎದ್ದರೆ ಗೃಹಪ್ರವೇಶ ಇಲ್ಲ. ಏಳದಿದ್ದರೆ ಠಾಣೆ. ಅಣ್ಣ ಅರ್ಧ ಎದ್ದರು.

"ಕೂತ್ಕೊಳ್ಳಿ!" ಎಂದರು ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಒಲೆಯ ಮುಂದೆ ಹೋದರು. ಕಾಕಿ ಧೋಕ್ಲಾ ತಟ್ಟೆ ಕೊಟ್ಟರು. ಬೆಂದದ್ದನ್ನು ಕಾಕಿಯೇ ತಮ್ಮ ಅಭ್ಯಾಸದಂತೆ ಚಾಕುವಿನಿಂದ ಚೌಕ ಚೌಕವಾಗಿ ಕೊಯ್ದರು. ಇಡ್ಲಿಗೆ ಮೂಲೆ ಬಂದದ್ದನ್ನು ನೋಡಿ ಅಣ್ಣ ಕಣ್ಣು ಮುಚ್ಚಿಕೊಂಡರು. ಆದರೂ ಏಳಲಿಲ್ಲ.

ಅಕ್ಕ ಮೊದಲ ತಟ್ಟೆ ತಂದು ಅವರ ಕೈಗೇ ಇಟ್ಟರು. ಅಣ್ಣ ತಿಂದರು. ಉಪ್ಪಿನ ಬಗ್ಗೆ ಏನೋ ಹೇಳಲು ಬಾಯಿ ತೆರೆದವರು ಹೆಂಡತಿಯ ಮುಖ ನೋಡಿ ಮುಚ್ಚಿದರು.

ಸಾಹೇಬರು ಎರಡನೇ ಸಲ ಹಾಕಿಸಿಕೊಂಡು ತೀರ್ಮಾನ ಹೇಳಿದರು: "ಇದು ದಾರು ಅಲ್ಲ. ಇಡ್ಲಿಯೂ ಅಲ್ಲ. ಧೋಕ್ಲಾ. ಹೋಗಬಹುದು."

ಗೃಹಪ್ರವೇಶ

ಅಣ್ಣ ಗೆದ್ದರೆಂದು ನಾನೂ ತೀರ್ಮಾನ ಹೇಳಿದೆ. ಡಿಸೆಂಬರಿನಲ್ಲಿ ಇಬ್ಬರೂ ಊರಿಗೆ ಹೋಗಿ ಬಂದರು. ಬಂದ ಮರುದಿನ ಊಟಕ್ಕೆ ಕೂತಾಗ ಅಕ್ಕ ಫೋಟೋಗಳನ್ನು ತಂದು ನನ್ನ ಎದುರು ಹರಡಿದರು. ಎಲ್ಲದರಲ್ಲೂ ಅಣ್ಣ ಇದ್ದರು. ರೇಷ್ಮೆ ಪಂಚೆ, ಶಲ್ಯ, ಕುರ್ಚಿ. ಪಕ್ಕದಲ್ಲಿ ಅಕ್ಕ.

"ನೆಂಟನ ಹಾಗೆಯೇ ಕೂತಿದ್ದಾರಲ್ಲ ಅಕ್ಕ" ಎಂದೆ.

"ಹಿಂದೆ ಎಂಥ ಕಾಣ್ತದೆ ನೋಡು."

ನೋಡಿದೆ. ಅಣ್ಣನ ತಲೆಯ ಹಿಂದೆ ಹಬೆ ಇತ್ತು. ಹಬೆಯ ಹಿಂದೆ ಹಂಡೆಗಳಿದ್ದವು. ಕುರ್ಚಿ ಇದ್ದದ್ದು ಅಡುಗೆ ಚಪ್ಪರದ ನಟ್ಟನಡುವೆ.

"ಫೋಟೋದವನನ್ನು ನಾನೇ ಅಲ್ಲಿಗೆ ಕರ್ಕೊಂಡು ಹೋದೆ. ಬಾಯಲ್ಲಿ ಹೇಳಿದ್ರೆ ತಪ್ಪಿಲ್ಲ ಅಂತ ತೀರ್ಪು ಉಂಟಂತೆ. ಕೊಟ್ಟವ ಸೈನ್ಸ್ ಓದಿದವನಂತೆ."

ನಾನು ಸಾರು ಕಲಸಿಕೊಂಡೆ. ಗಲ್ಲಾದಲ್ಲಿ ಕೂತಿದ್ದ ಅಣ್ಣ ಅಲ್ಲಿಂದಲೇ ಹೇಳಿದರು, "ಕುರ್ಚಿ ಬಿಟ್ಟು ಒಂದು ಸಲವೂ ಏಳ್ಲಿಲ್ಲ ಮಾರಾಯ. ಅವಳನ್ನೇ ಕೇಳು."

ಕೇಳಿದೆ. ನಿಜವಂತೆ, ಏಳಲಿಲ್ಲವಂತೆ.

ಗೃಹಪ್ರವೇಶದ ದಿನ ಊಟವಾಗಿ ಎದ್ದ ಎಲೆಗಳು ಆರುನೂರ ಇಪ್ಪತ್ತು.